ಗ್ರಿಲ್ಲಿನ ತೋಟ, ಅವಸರದ ತೋಟಗಾರ

ಕಾಮೋಠೆಯ ನಮ್ಮ ಫ್ಲ್ಯಾಟಿನ ಬಾಲ್ಕನಿಯ ಗ್ರಿಲ್ಲಿನಲ್ಲಿ ತರಕಾರಿ ಅಪರೂಪಕ್ಕೆ ಬೆಳೆಯುತ್ತದೆ, ತಮಾಷೆ ಮಾತ್ರ ವರ್ಷವಿಡೀ. ಎಲ್ಲದಕ್ಕೂ ಮೂಲ ನಮ್ಮವರು. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನ ಒಂದು ಆಫೀಸಿನಲ್ಲಿ ಪ್ರಾಯದಿಂದ ದುಡಿದವರು. ಒಂದು ದಿನ ಅಲ್ಲಿಯ ಸೇಠರು ವ್ಯಾಪಾರವನ್ನೇ ಮುಚ್ಚಿದರು. ಲಾರಿ, ಫೋನು, ಕೂಗಾಟದ ನಡುವೆ ಬದುಕಿದ ಮನುಷ್ಯ ಒಮ್ಮೆಗೇ ಎರಡು ಕೋಣೆಯ ಮನೆಯೊಳಗೆ ಬಂದು ಬಿದ್ದರು. ಅವರಿಗೆ ಕೂರಲು ಬರುವುದಿಲ್ಲ. ಪೇಪರ್ ಓದುವುದೂ ನಿಂತುಕೊಂಡೇ. ಸುಮ್ಮನೆ ಫ್ರಿಜ್ ತೆಗೆದು ನೋಡಿ ಮುಚ್ಚುವುದು, ಬಾಗಿಲ ತನಕ ಹೋಗಿ ಬರುವುದು, ನಾನು ಆಫೀಸಿಗೆ ಹೊರಟರೆ ಯಾವ ಲೋಕಲ್ ರೈಲು, ಎಷ್ಟು ಲೇಟು ಎಂದು ವಿಚಾರಿಸುವುದು. ಬೀಪಿ ಏರಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಮನಸ್ಸಿಗೆ ಶಾಂತಿ ಬೇಕು, ಬಾಲ್ಕನಿಯಲ್ಲಿ ನಾಲ್ಕು ಗಿಡ ನೆಡಿ ಎಂದರು. ಪಾಪ, ಅವರಿಗೆ ನಮ್ಮವರ ಪರಿಚಯ ಇರಲಿಲ್ಲ.

ಶುಂಠಿ

ಮೊದಲು ನೆಟ್ಟದ್ದು ಶುಂಠಿ. ಪೇಂಟಿನ ಖಾಲಿ ಡಬ್ಬಕ್ಕೆ ಮಣ್ಣು ತುಂಬಿಸಿ, ಅಡುಗೆಮನೆಯ ಬುಟ್ಟಿಯಿಂದ ಒಂದು ದಪ್ಪ ತುಂಡು ಆರಿಸಿ ಹೂತರು. ಮರುದಿನ ಬೆಳಿಗ್ಗೆ ಅದನ್ನು ಅಗೆದು ತೆಗೆದು, ನಲ್ಲಿಯಲ್ಲಿ ತೊಳೆದು, ಕನ್ನಡಕ ಹಾಕಿಕೊಂಡು ನೋಡಿದರು. ಬೇರು ಬಂದಿರಲಿಲ್ಲ. ಮತ್ತೆ ಹೂತರು. ಅದರ ಮರುದಿನವೂ ಅದೇ ಕೆಲಸ. ಹೀಗೆ ದಿನಾ ಎಬ್ಬಿಸಿ ಸ್ನಾನ ಮಾಡಿಸಿದರೆ ಅದು ಯಾವಾಗ ಬೆಳೆಯುವುದು ಎಂದು ನಾನು ಕೇಳಿದ್ದಕ್ಕೆ, ಒಳಗೆ ಏನು ನಡೆಯುತ್ತಿದೆ ಎಂದು ಗೊತ್ತಾಗಬೇಡವಾ ಎಂದರು.

ಡೊಂಬಿವಿಲಿಯಲ್ಲಿರುವ ನನ್ನ ತಮ್ಮನಿಗೆ ಟೆರೇಸಿನಲ್ಲಿ ಗಿಡ ಬೆಳೆಸಿ ಅಭ್ಯಾಸ. ಅವನಿಗೆ ಫೋನು ಹೋಯಿತು. ಶುಂಠಿಗೆ ಮಳೆಗಾಲ ಪೂರ್ತಿ ಬೇಕು ಭಾವ, ಅದನ್ನು ಅದರ ಪಾಡಿಗೆ ಬಿಡಿ ಎಂದು ಅವನು ಹೇಳಿದ. ಅಷ್ಟು ಹೊತ್ತಿನಲ್ಲಿ ನಾವು ಒಂದು ಗೂಡ್ಸ್ ಗಾಡಿ ಕಬ್ಬಿಣ ಇಳಿಸಿ, ಮಾರಿ, ಕೈತೊಳೆದು ಕೂರುತ್ತಿದ್ದೆವು ಎಂದು ಗೊಣಗುತ್ತಾ ಫೋನಿಟ್ಟರು.

ಒಂದು ದಿನ ಇವರು ಹಾಲು ತರಲು ಹೋಗಿದ್ದಾಗ ನೋಡುತ್ತೇನೆ, ಚಹಾಕ್ಕೆ ಹಾಕಲು ಮನೆಯಲ್ಲಿ ಶುಂಠಿಯಿಲ್ಲ. ಡಬ್ಬದಲ್ಲಿದ್ದದ್ದನ್ನೇ ತೆಗೆದು ಜಜ್ಜಿ ಹಾಕಿದೆ. ಬಂದವರು ನೇರ ಡಬ್ಬದ ಹತ್ತಿರ ಹೋಗಿ, ತಳದವರೆಗೆ ಅಗೆದು, ಮಣ್ಣು ಮೆತ್ತಿದ ಕೈಯಲ್ಲೇ ಅಡುಗೆಮನೆಗೆ ಬಂದರು. ಮುಖ ನೋಡಿದರೆ ಮನೆಯಲ್ಲಿ ಕಳ್ಳತನ ಆದ ಹಾಗಿತ್ತು. ನಾನು ಚಹಾದ ಲೋಟ ಕೊಟ್ಟು, ಕುಡಿಯುತ್ತಿರುವಾಗ ವಿಷಯ ಹೇಳಿದೆ. ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಇವರು ಇನ್ನೊಂದು ಗುಟುಕು ಕುಡಿದು, ಕಣ್ಣು ಮುಚ್ಚಿ ಹೇಳಿದರು: "ಅದಕ್ಕೇ ನೋಡು. ಮನೆಯಲ್ಲಿ ಬೆಳೆದ ಶುಂಠಿಯ ಘಮವೇ ಬೇರೆ."

ಸೀಟು

ಆಮೇಲೆ ಇವರಿಗೆ ಗೊಬ್ಬರದ ಹುಚ್ಚು ಹಿಡಿಯಿತು. ಅಂಗಡಿಯ ಪ್ಯಾಕೆಟ್ಟಿನ ಮೇಲೆ ನಂಬಿಕೆ ಇಲ್ಲ, ಊರಲ್ಲಿ ದನದ ಹಟ್ಟಿಯಿಂದ ಹೊತ್ತು ಹಾಕುತ್ತಿದ್ದಂಥ ಸೆಗಣಿಯೇ ಆಗಬೇಕು. ನಾನು ಕೆಲಸ ಮಾಡುವುದು ಠಾಣೆಯಲ್ಲಿ. ನನ್ನ ಜೊತೆಯ ಒಬ್ಬಳ ಮನೆ ಎಮ್ಮೆಯ ತಬೇಲಾದ ಪಕ್ಕ. ಅವಳಿಗೆ ಹೇಳಿ ತರಿಸು ಎಂದು ದಿನಾ ಬೆಳಿಗ್ಗೆ ಒಂದೇ ರಾಗ. ಕೊನೆಗೆ ಒಂದು ಸಂಜೆ ಅವಳು ಪ್ಲಾಸ್ಟಿಕ್ಕಿನೊಳಗೆ ಪ್ಲಾಸ್ಟಿಕ್ ಹಾಕಿ ಕಟ್ಟಿದ ಗಂಟನ್ನು ನನ್ನ ಕೈಗೆ ಕೊಟ್ಟೇಬಿಟ್ಟಳು.

ಪನ್ವೇಲ್ ಲೋಕಲ್ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಐರೋಲಿ ದಾಟುವಾಗ ಒಬ್ಬೊಬ್ಬರೇ ಮೂಗಿಗೆ ಸೆರಗು, ಓಢಣಿ ಇಟ್ಟುಕೊಳ್ಳತೊಡಗಿದರು. ಎಲ್ಲರ ಕಣ್ಣೂ ಬಾಗಿಲ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮೀನು ಮಾರುವ ಮಾವಶಿಯ ಮೇಲೆ. ಆಕೆ ಸ್ವಲ್ಪ ಹೊತ್ತು ಸಹಿಸಿಕೊಂಡಳು. ಆಮೇಲೆ ಬುಟ್ಟಿ ಬೋರಲು ಹಾಕಿ, ನನ್ನ ಮೀನು ಮಧ್ಯಾಹ್ನವೇ ಖಾಲಿಯಾಗಿದೆ, ಇದು ನನ್ನದಲ್ಲ ಎಂದು ಡಬ್ಬಿಗೆಲ್ಲ ಕೇಳುವ ಹಾಗೆ ಮರಾಠಿಯಲ್ಲಿ ಹೇಳಿದಳು. ಹೇಳಿ ಸುಮ್ಮನಾಗಲಿಲ್ಲ. ಗಾಳಿಯಲ್ಲಿ ಮೂಗು ಆಡಿಸುತ್ತಾ ನನ್ನ ಗಂಟಿನವರೆಗೆ ಬಂದು ನಿಂತಳು. "ಶೇಣ್ ಆಹೇ ಕಾ?" ಎಂದು ಕೇಳಿದಳು. ಸೆಗಣಿಯಾ ಎಂದು ಕೇಳಿದ ಮೇಲೆ ಅಲ್ಲ ಎನ್ನುವುದು ಹೇಗೆ? ಹೌದು ಎಂದೆ.

ಮಾವಶಿಗೆ ಮಾತ್ರ ಖುಷಿಯಾಯಿತು. ಉಳಿದವರು ಆಚೆ ಈಚೆ ಸರಿದರು. ನನ್ನ ಎದುರಿನ ಸೀಟಿನಲ್ಲಿ ಮೂವರು ಇದ್ದರು, ಘನ್ಸೋಲಿ ಬರುವಷ್ಟರಲ್ಲಿ ಮೂವರೂ ಎದ್ದು ಬಾಗಿಲ ಕಡೆ ಹೋದರು. ಎಷ್ಟೋ ವರ್ಷ ಆ ಗಾಡಿಯಲ್ಲಿ ನಿಂತು ನಿಂತು ಮೊಣಕಾಲು ಸವೆದವಳು ನಾನು. ಆ ಸಂಜೆ ಕಿಟಕಿಯ ಪಕ್ಕ ಕಾಲು ಚಾಚಿ ಕೂತು, ವಾಶಿ ಕಡೆಯ ದೀಪಗಳನ್ನು ನೋಡುತ್ತಾ ನಮ್ಮ ಮಾನಸರೋವರ ಸ್ಟೇಶನ್ನಿನ ತನಕ ಬಂದೆ.

ಇವರು ಗಂಟು ಬಿಚ್ಚಿ ಸಂಭ್ರಮಪಟ್ಟರು. ಗಾಡಿಯಲ್ಲಿ ನನಗೆ ಎಂಥ ಅವಮಾನ ಆಗಿರಬಹುದೋ ಎಂದು ಹೆದರಿ, ಇನ್ನು ನಿನಗೆ ಇಂಥ ಕೆಲಸ ಹೇಳುವುದಿಲ್ಲ ಎಂದೂ ಮಾತು ಕೊಟ್ಟರು. ಮುಂದಿನ ವಾರ ನಾನೇ ಕೇಳಿದೆ: "ಸೆಗಣಿ ಮುಗಿಯಿತಾ? ಇನ್ನೊಂದು ಗಂಟು ತರಲಾ?"

ಫಸಲು

ಆ ಗೊಬ್ಬರಕ್ಕೆ ಉದ್ದ ಕುಂಡದಲ್ಲಿ ಹರಿವೆ ಸೊಪ್ಪು ಚೆನ್ನಾಗಿ ಎದ್ದಿತು. ಅಲ್ಲಿಗೆ ಪಾರಿವಾಳಗಳು ಬಂದವು. ಇವರು ಬೆಳಗಿನಿಂದ ಚಪ್ಪಾಳೆ ಹೊಡೆಯುತ್ತಾ ಗ್ರಿಲ್ಲಿಗೂ ಒಳಕೋಣೆಗೂ ಓಡಾಡುತ್ತಿದ್ದರು. ಒಂದು ದಿನ ಚಪ್ಪಾಳೆ ಕೇಳಲಿಲ್ಲ. ಹೋಗಿ ನೋಡಿದರೆ ಹರಿವೆಯ ನಡುವೆ ಎರಡು ಮೊಟ್ಟೆ, ಅದರ ಮುಂದೆ ಇವರು ಸೋತು ನಿಂತಿದ್ದಾರೆ. ಕಾಲೇಜಿಗೆ ಹೋಗುವ ಮಗಳು ನಮ್ಮ ಕನ್ನಡ ಮಾತಿಗೆಲ್ಲ ಹಿಂದಿಯಲ್ಲೇ ಉತ್ತರ ಕೊಡುವವಳು. "ಪಪ್ಪಾ, ಹಾತ್ ಮತ್ ಲಗಾನಾ" ಎಂದು ತೀರ್ಪು ಕೊಟ್ಟಳು. ಮುಟ್ಟುವ ಹಾಗಿಲ್ಲ.

ಕಾಗೆಗಳು ಸುತ್ತಲು ಶುರುಮಾಡಿದ ಮೇಲೆ ಇವರಿಗೆ ಕಾವಲಿನ ಕೆಲಸ ಬಿತ್ತು. ಎದ್ದು ಓಡಾಡಿದರೆ ತಾಯಿಹಕ್ಕಿ ಹಾರುತ್ತದೆ, ಅದು ಹಾರಿದರೆ ಕಾಗೆ ಬರುತ್ತದೆ. ಹಾಗಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತರು. ಪೇಪರಿನ ಪುಟವನ್ನೂ ಸದ್ದಾಗದಂತೆ ತಿರುಗಿಸುತ್ತಿದ್ದರು. ಮೊದಲ ದಿನ ಆಫೀಸಿನಿಂದ ಬಂದವಳು ಇವರು ಅಷ್ಟು ಸುಮ್ಮನೆ ಕೂತದ್ದನ್ನು ನೋಡಿ ಜ್ವರವೋ ಏನೋ ಎಂದು ಹತ್ತಿರ ಹೋಗಿ ಹಣೆ ಮುಟ್ಟಿದೆ. ತುಟಿಯ ಮೇಲೆ ಬೆರಳಿಟ್ಟರು. ಆಫೀಸು ಮುಚ್ಚಿದ ಮೇಲೆ ಆ ಮುಖ ಅಷ್ಟು ತಣ್ಣಗಿದ್ದದ್ದು ನಾನು ನೋಡಿರಲಿಲ್ಲ. ಚಹಾ ತಂದು ನಾನೂ ಪಕ್ಕದಲ್ಲಿ ನೆಲದ ಮೇಲೆ ಕೂತೆ.

ಮರಿಗಳು ಹಾರಿಹೋದ ಮೇಲೆ ಡಾಕ್ಟರ ಹತ್ತಿರ ಹೋದೆವು. ಬೀಪಿ ಇಳಿದಿತ್ತು. ಡಾಕ್ಟರಿಗೆ ಹೆಮ್ಮೆಯೋ ಹೆಮ್ಮೆ, ನಾನು ಹೇಳಲಿಲ್ಲವಾ, ಏನೇನು ಬೆಳೆಸಿದಿರಿ ಎಂದು ಕೇಳಿದರು. ನಮ್ಮವರು ತುಸು ನಾಚಿಕೊಂಡು ಹೇಳಿದರು: "ಎರಡು ಪಾರಿವಾಳ."

ಗಂಡಿನ ಕಡೆಯವರು

ಇದು ಕೇಳಿ. ಮುಂದಿನ ವರ್ಷ ಇವರು ಒಂದು ಡ್ರಮ್ಮಿನಲ್ಲಿ ಸಿಹಿಕುಂಬಳ ಹಾಕಿದರು. ಹೆಚ್ಚಾದ ಎರಡು ಸಸಿಗಳನ್ನು ಕೆಳಗಿನ ಮನೆಯ ಮರಾಠಿ ಹೆಂಗಸಿಗೆ ಕೊಟ್ಟರು, ಎಲ್ಲರಿಗೂ ಅವರು ಕಾಕು. ನಮ್ಮ ಬಳ್ಳಿಯಲ್ಲಿ ಹೀಚು ಬರುವುದು, ಹಳದಿಯಾಗಿ ಉದುರುವುದು. ಪ್ರತಿಯೊಂದು ಉದುರಿದಾಗಲೂ ಇವರು ಮನೆಯೊಳಗೆ ಸುತ್ತು ಹಾಕುತ್ತಿದ್ದರು. ಡೊಂಬಿವಿಲಿಯ ತಮ್ಮ ಫೋನಿನಲ್ಲಿ ಕಾರಣ ಹೇಳಿದ. ಅಷ್ಟು ಎತ್ತರಕ್ಕೆ ಜೇನು ಬರುವುದಿಲ್ಲ ಭಾವ, ಗಂಡು ಹೂವು ಕಿತ್ತು ನೀವೇ ಹೆಣ್ಣು ಹೂವಿಗೆ ಮುಟ್ಟಿಸಬೇಕು, ಬಿಸಿಲೇರಿದರೆ ಹೂವು ಮುಚ್ಚಿಕೊಳ್ಳುತ್ತದೆ ಎಂದ.

ಒಂದು ಬೆಳಿಗ್ಗೆ ಹೆಣ್ಣು ಹೂವು ಅರಳಿತು. ಬಳ್ಳಿಯಲ್ಲಿದ್ದದ್ದು ಅದೊಂದೇ ಹೆಣ್ಣು, ಆ ದಿನ ಗಂಡು ಒಂದೂ ಅರಳಿರಲಿಲ್ಲ. ಇವರು ಗ್ರಿಲ್ಲಿನಿಂದ ಬಗ್ಗಿ ನೋಡಿದರೆ ಕೆಳಗೆ ಕಾಕುವಿನ ಬಳ್ಳಿಯ ತುಂಬಾ ಗಂಡು ಹೂವು, ಕಾಕು ಅವನ್ನು ಒಂದೊಂದಾಗಿ ಕಿತ್ತು ತಟ್ಟೆಗೆ ಹಾಕುತ್ತಿದ್ದಾರೆ, ಬಜ್ಜಿ ಕರಿಯಲು. ಲುಂಗಿಯಲ್ಲೇ ಮೆಟ್ಟಿಲಿಳಿದು ಓಡಿದರು.

ಜೀವಮಾನವಿಡೀ ಮಾರ್ಕೆಟ್ಟಿನ ಹಿಂದಿಯಲ್ಲೇ ಕಳೆದವರಿಗೆ ಮರಾಠಿ ಅಷ್ಟಕ್ಕಷ್ಟೆ. ಗಂಡು ಹೂವಿಗೆ ಏನೆನ್ನುತ್ತಾರೋ ಗೊತ್ತಿಲ್ಲ. ಬಾಗಿಲು ತೆರೆದ ಕಾಕುವಿಗೆ ಏದುಸಿರು ಬಿಡುತ್ತಾ ಹೇಳಿದ್ದು ಇಷ್ಟು: "ತುಮ್ಚ್ಯಾಕಡೆ ಮುಲ್ಗಾ ಆಹೇ. ಆಮ್ಚೀ ಮುಲ್ಗೀ ತಯಾರ್ ಆಹೇ." ನಿಮ್ಮಲ್ಲಿ ಹುಡುಗ ಇದ್ದಾನೆ, ನಮ್ಮ ಹುಡುಗಿ ತಯಾರಾಗಿದ್ದಾಳೆ.

ಕಾಕುವಿಗೆ ಮದುವೆಯ ವಯಸ್ಸಿನ ಮಗ ಇದ್ದಾನೆ. ಅವನಿನ್ನೂ ಮಲಗಿದ್ದಾನೆ ಎಂದರು ಕಾಕು. ಎಬ್ಬಿಸುವುದು ಬೇಡ, ಕೊಟ್ಟುಬಿಡಿ, ಬಿಸಿಲೇರುವುದರೊಳಗೆ ಮುಗಿಸಬೇಕು ಎಂದರು ಇವರು. ಅವನ ಅಪ್ಪನನ್ನು ಕೇಳಬೇಕಲ್ಲ ಎಂದು ಕಾಕು. ಅಪ್ಪ ಯಾಕೆ, ನಾನೇ ಕೈಯಾರೆ ಎತ್ತಿಕೊಂಡು ಹೋಗುತ್ತೇನೆ ಎಂದು ಇವರು. ಕಾಕು ಇವರನ್ನು ಸೋಫಾದಲ್ಲಿ ಕೂರಿಸಿ, ನೀರು ಕೊಟ್ಟು, ನನಗೆ ಫೋನು ಮಾಡಿದರು. ತಕ್ಷಣ ಬನ್ನಿ ಎಂದಷ್ಟೇ ಹೇಳಿದರು.

ಬೀಪಿಯೇ ಇರಬೇಕೆಂದು ನಾನು ಇವರ ಮಾತ್ರೆ ಹಿಡಿದುಕೊಂಡು ಇಳಿದೆ. ಕಾಕು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಕಡಲೆಹಿಟ್ಟಿನ ಕೈಯಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡರು. ನಾನೂ ತಾಯಿಯೇ, ಮುಚ್ಚಿಡಬೇಡಿ, ಹುಡುಗಿಗೆ ಏನಾಗಿದೆ, ಇಂದೇ ಆಗಬೇಕೆಂದು ಇಷ್ಟು ಅವಸರ ಯಾಕೆ ಎಂದು ಪಿಸುಗುಟ್ಟಿದರು. ಕಣ್ಣಲ್ಲಿ ನೀರು. ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಒಲೆಯ ಪಕ್ಕದ ತಟ್ಟೆಯಲ್ಲಿ ಹಳದಿ ಹೂವುಗಳು ಕಂಡವು. ಬಾಣಲೆಯಲ್ಲಿ ಎಣ್ಣೆ ಕಾಯುತ್ತಿತ್ತು. ಸೋಫಾದಲ್ಲಿ ಕೂತವರನ್ನು ನೋಡಿದೆ, ಅವರ ಕಣ್ಣು ಕಿಟಕಿಯ ಬಿಸಿಲಿನ ಮೇಲಿತ್ತು.

ನಾನು ವಿವರಿಸಿ ಮುಗಿಸುವಷ್ಟರಲ್ಲಿ ಕಾಕು ಹೂವಿನ ತಟ್ಟೆಯ ಕಡೆ ತಿರುಗಿ, ಅಯ್ಯೋ ದೇವರೇ, ಹಾಗಾದರೆ ಇಷ್ಟು ದಿನ ನಾನು ಹುಡುಗರನ್ನೇ ಕರಿದುಬಿಟ್ಟೆನಾ ಎಂದರು. ಇಬ್ಬರೂ ನಗುತ್ತಾ ಕಟ್ಟೆಗೆ ಒರಗಿದೆವು. ಇವರು ಮಾತ್ರ ನಗಲಿಲ್ಲ. ಹಿಟ್ಟು ಮುಟ್ಟದ ಒಂದು ಹೂವನ್ನು ತಟ್ಟೆಯಿಂದ ಎತ್ತಿಕೊಂಡು ಮೆಟ್ಟಿಲು ಹತ್ತಿ ಹೋಗೇಬಿಟ್ಟರು.

ಆ ಹೀಚು ಉದುರದೆ ನಿಂತಿತು. ಬೆಳೆಯುವ ತನಕ ಕಾಕು ಎದುರಾದಾಗಲೆಲ್ಲ ಕೇಳುವುದು ಒಂದೇ, ನಮ್ಮ ಸೊಸೆ ಹೇಗಿದ್ದಾಳೆ. ಕೊಯ್ದ ದಿನ ತಾವಾಗಿಯೇ ದೊಡ್ಡ ಸ್ಟೀಲ್ ಡಬ್ಬ ಹಿಡಿದು ಬಾಗಿಲಲ್ಲಿ ನಿಂತರು. ನಾವು ಗಂಡಿನ ಕಡೆಯವರು, ನಮಗೆ ದೊಡ್ಡ ಪಾಲು ಆಗಬೇಕು ಎಂದರು. ಅರ್ಧಕ್ಕಿಂತ ದೊಡ್ಡ ತುಂಡನ್ನೇ ಕೊಟ್ಟೆ. ಕಾಕು ಮೆಟ್ಟಿಲಿಳಿದು ಮರೆಯಾಗುವ ತನಕ ಇವರು ಡಬ್ಬವನ್ನೇ ನೋಡುತ್ತಾ ನಿಂತಿದ್ದು, ಮೆಲ್ಲಗೆ ಹೇಳಿದರು: "ಮಗಳ ಮದುವೆಗೆ ಅವಸರ ಮಾಡುವುದು ಬೇಡ ಮಾರಾಯ್ತಿ. ಒಂದು ಕುಂಬಳಕಾಯಿ ಕಳಿಸಿಕೊಡುವುದೇ ಇಷ್ಟು ಕಷ್ಟ."