ಗಾಳಿಯಣ್ಣನ ಎರಡು ವೈರು

ಮೂವತ್ತು ವರ್ಷ ಊರವರ ಫ್ಯಾನ್ ತಿರುಗಿಸಿದವನು ತನ್ನ ಕಾರಿನ ಫ್ಯಾನನ್ನು ಇನ್ನೊಬ್ಬನ ಕೈಗೆ ಕೊಟ್ಟಾನೆಯೇ? ಹಳೇ ಕಾರಿನ ಇಂಜಿನ್ ಕಾಯುತ್ತಿದೆ, ರೇಡಿಯೇಟರಿನ ಹಿಂದಿನ ಫ್ಯಾನ್ ನಿಂತಿದೆ ಎಂದು ಗೊತ್ತಾದ ದಿನವೇ ಗಾಳಿಯಣ್ಣ ಅದನ್ನು ಬಿಚ್ಚಿ ಅಂಗಡಿಗೆ ತಂದ. ಮೋಟಾರಿನ ಸವೆದ ಕಾರ್ಬನ್ ಬ್ರಶ್ ಬದಲಿಸಿದ, ಎಣ್ಣೆ ಬಿಟ್ಟ, ಮರುದಿನ ಬೆಳಿಗ್ಗೆ ಮತ್ತೆ ಕೂರಿಸಿ ಎರಡು ವೈರು ಹೊಸೆದು ಟೇಪು ಸುತ್ತಿದ. ಫ್ಯಾನ್ ಹೊಸ ಅಳಿಯನ ಹಾಗೆ ಹುರುಪಿನಿಂದ ತಿರುಗಿತು.

ಕಾರಿನ ಮುಂದೆ ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ಮುಖಕ್ಕೆ ಕೈ ಅಡ್ಡ ಹಿಡಿದಳು.

"ಇದೇನ್ರೀ, ಬಿಸಿಗಾಳಿಯೆಲ್ಲ ನನ್ನ ಮುಖಕ್ಕೇ ಹೊಡೀತಿದೆ?"

"ಫ್ಯಾನ್ ಅಂದ್ಮೇಲೆ ಗಾಳಿ ಬರದೆ ಇನ್ನೇನು ಬರುತ್ತೆ?" ಎಂದ ಗಾಳಿಯಣ್ಣ. ಅವಳ ಮಾತು ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಟುಹೋಯಿತು.

ಅವತ್ತು ಅವನ ತಲೆಯಲ್ಲಿ ಇದ್ದದ್ದೇ ಬೇರೆ. ಹಾಸ್ಟೆಲಿನ ನೂರಿಪ್ಪತ್ತು ಫ್ಯಾನುಗಳ ರಿಪೇರಿಯನ್ನು ಯಾರಿಗೆ ವಹಿಸುವುದೆಂದು ವಾರ್ಡನ್ ಮೇಡಂ ಅವತ್ತೇ ತೀರ್ಮಾನಿಸುವವರಿದ್ದರು. ಗಿರಾಕಿಗಳ ದಾರಿ ಕಾಯುತ್ತ ಕೂರುವ ಅಂಗಡಿಗೆ ಅದು ಸಿಕ್ಕರೆ ವರ್ಷವಿಡೀ ಕೆಲಸ. ಮೇಡಮ್ಮನ್ನು ತನ್ನ ಕಾರಿನಲ್ಲೇ ಹಾಸ್ಟೆಲಿಗೆ ಕರೆದೊಯ್ದು ಫ್ಯಾನುಗಳನ್ನು ನೋಡಿಕೊಂಡು ಬರುವುದೆಂದು ಮಾತಾಗಿತ್ತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕರೆಯದೆಯೇ ಹಿಂದಿನ ಸೀಟು ಹತ್ತಿದರು. ಅವರಿಗೆ ಬಾರದ ವಿದ್ಯೆ ಒಂದೇ, ಸುಮ್ಮನಿರುವುದು.

ಮೂರನೇ ಸಿಗ್ನಲಿನಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು. ಹೀಟರ್ ಹಾಕಿದರೆ ಇಂಜಿನ್ನಿನ ಬಿಸಿ ಒಳಕ್ಕೆ ಇಳಿಯುತ್ತದೆ ಎಂದರು ಮೇಷ್ಟ್ರು. ಸುಳ್ಳಲ್ಲ. ಇಳಿಯಿತು, ಮೇಡಂ ಮೇಲೆ. ಸುಡುಬಿಸಿಲಿನಲ್ಲಿ ಅವರು ಒಲೆಯ ಮೇಲಿಟ್ಟ ಹಾಲಿನ ಹಾಗೆ ಕೂತಿದ್ದರು, ಯಾವ ಗಳಿಗೆಯಲ್ಲಿ ಉಕ್ಕುತ್ತಾರೋ ತಿಳಿಯದು.

ಬಾನೆಟ್ಟಿನಿಂದ ಹಬೆ ಎದ್ದದ್ದು ಪರಿಚಯದ ಮೆಕ್ಯಾನಿಕ್ಕನ ಶೆಡ್ಡಿನ ಎದುರಿಗೇ. ಅವನು ಓಡಿಬಂದು ಇಣುಕಿ ನೋಡಿದ.

"ಫ್ಯಾನ್ ತಿರುಗ್ತಿದೆ ಅಣ್ಣ, ಅದರಲ್ಲಿ ನಿನ್ನ ಕೈಗುಣ ಎರಡು ಮಾತಿಲ್ಲ. ರೋಗ ಥರ್ಮೋಸ್ಟಾಟಿಂದು. ನೀರು ಬಿಡೋ ಬಾಗಿಲು ಮುಚ್ಕೊಂಡಿದೆ."

ಗಾಳಿಯಣ್ಣನೂ ತಲೆಯಾಡಿಸಿದ. ತಿರುಗುವುದನ್ನೆಲ್ಲ ಸರಿಯಾಗಿದೆ ಎಂದು ಬಿಡುವ ಲೋಕವಿದು. ಯಾವ ಕಡೆಗೆ ತಿರುಗುತ್ತಿದೆ ಎಂದು ಕೇಳುವ ಗಂಡಸು ಅಲ್ಲಿ ಒಬ್ಬನೂ ಇರಲಿಲ್ಲ. ಕೇಳಿದ್ದ ಹೆಂಗಸು ಮನೆಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

ಇಂಜಿನ್ ತಣಿಯಲೆಂದು ಕಾದು ಥರ್ಮೋಸ್ಟಾಟ್ ಬದಲಿಸಿದ್ದಾಯಿತು. ಮತ್ತೆ ಕಾಯಿತು. ಹಾಗಾದರೆ ರೇಡಿಯೇಟರಿನ ಮುಚ್ಚಳವೇ ಇರಬೇಕೆಂದರು ಮೇಷ್ಟ್ರು. ತಾನೂ ಅದನ್ನೇ ಹೇಳುವವನಿದ್ದೆ ಎಂದು ಮೆಕ್ಯಾನಿಕ್ ಹೊಸ ಮುಚ್ಚಳ ತರಲು ಹೋದ. ಕಾರಿನ ಮುಂದೆ ಬಂದು ನಿಂತ ಮೇಡಂ ಮುಖ ಸಿಂಡರಿಸಿ, ಇಲ್ಲೂ ಬಿಸಿಗಾಳಿಯೇ ಎಂದು ನೆರಳಿಗೆ ಸರಿದರು.

ಗಾಳಿಯಣ್ಣನಿಗೆ ಹೆಂಡತಿಯ ಮಾತು ಆಗ ಎದೆಗೆ ಇಳಿಯಿತು. ಜೇಬಿನಿಂದ ಒಂದು ಚೀಟಿ ತೆಗೆದು ಜಾಲರಿಯ ಮುಂದೆ ಹಿಡಿದ. ಒಳಕ್ಕೆ ಎಳೆದು ಜಾಲರಿಗೆ ಅಂಟಬೇಕಾದ ಚೀಟಿ ರಸ್ತೆಗೆ ಹಾರಿತು. ಛಾವಣಿಯ ಫ್ಯಾನಿಗೆ ಕರೆಂಟಿನ ಎರಡು ವೈರನ್ನು ಹೇಗೆ ಕೊಟ್ಟರೂ ತಿರುಗುವುದು ಒಂದೇ ಕಡೆಗೆ. ಬ್ಯಾಟರಿಯದು ಹಾಗಲ್ಲ, ವೈರು ಅದಲುಬದಲಾದರೆ ಫ್ಯಾನ್ ಹಿಂದುಮುಂದು. ಮೂವತ್ತು ವರ್ಷದ ಅಭ್ಯಾಸ ಬೆಳಿಗ್ಗೆ ಅವನ ಬೆರಳನ್ನು ನಡೆಸಿತ್ತು. ತನ್ನದೇ ಫ್ಯಾನ್ ಎದುರಿನಿಂದ ಬರುವ ಗಾಳಿಯನ್ನು ಕತ್ತು ಹಿಡಿದು ಆಚೆಗೆ ತಳ್ಳುತ್ತಿತ್ತು.

ಹೇಳಿಬಿಡೋಣವೆಂದು ಬಾಯಿ ತೆರೆದ. ನೂರಿಪ್ಪತ್ತು ಫ್ಯಾನು ಕಣ್ಣೆದುರಿಗೆ ತಿರುಗಿದವು. ಬಾಯಿ ಮುಚ್ಚಿ, ಇಂಜಿನ್ ನಿಲ್ಲಿಸಿ, ಬೆನ್ನು ತಿರುಗಿಸಿ, ಟೇಪು ಬಿಚ್ಚಿ ವೈರು ಅದಲುಬದಲು ಮಾಡಿ ಮತ್ತೆ ಸುತ್ತಿದ. ಯಾರೂ ನೋಡಲಿಲ್ಲ.

ಮೆಕ್ಯಾನಿಕ್ ಬಂದು, ಇಂಜಿನ್ ತಣಿದ ಮೇಲೆ ಮುಚ್ಚಳ ಬದಲಿಸಿದ. ಇಂಜಿನ್ ಅರ್ಧ ಗಂಟೆ ಓಡಿದರೂ ಮುಳ್ಳು ನಡುವಿನಿಂದ ಅಲುಗಲಿಲ್ಲ. ಹೇಗೆ, ಎಂದು ಹುಬ್ಬು ಹಾರಿಸಿದ ಮೆಕ್ಯಾನಿಕ್. ಮೇಷ್ಟ್ರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು. ಗಾಳಿಯಣ್ಣ ಗಂಟಲಲ್ಲಿ ಮುಳ್ಳು ಸಿಕ್ಕವನಂತೆ ನಕ್ಕ.

ಮೇಡಂ ಮೆಕ್ಯಾನಿಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಕುದಿಯೋ ಇಂಜಿನ್ನನ್ನೇ ತಣ್ಣಗೆ ಮಾಡಿದೋರಿಗೆ ಹಾಸ್ಟೆಲ್ ರೂಮು ತಣ್ಣಗೆ ಮಾಡೋದು ಯಾವ ಲೆಕ್ಕ? ಆ ಫ್ಯಾನುಗಳನ್ನ ನೀವೇ ನೋಡ್ಕೊಳ್ಳಿ" ಎಂದರು. ಮತ್ತೆ ಗಾಳಿಯಣ್ಣನ ಕಡೆ ತಿರುಗಿ, "ಬೇಜಾರು ಮಾಡ್ಕೋಬೇಡಿ" ಎಂದು ಆಟೋ ಹತ್ತಿದರು.

ಸಂಜೆ ಹೆಂಡತಿ ಎಲ್ಲವನ್ನೂ ಕೇಳಿ, ನಿಜ ಹೇಳಬಹುದಿತ್ತಲ್ಲ ಎಂದಳು. ಹೇಳಿದ್ದರೂ ಹಾಸ್ಟೆಲಿನ ಕೆಲಸ ಹೋಗುತ್ತಿತ್ತು ಎಂದ. ಹೋಗುತ್ತಿತ್ತು, ಆದರೆ ಇಂಜಿನ್ ತಣಿಸಿದ ಹೆಸರಾದರೂ ನಿಮಗೆ ಉಳಿಯುತ್ತಿತ್ತು ಎಂದಳು.

ಅಷ್ಟರಲ್ಲಿ ಹೆಗಲ ಮೇಲೆ ಹಾಸ್ಟೆಲಿನ ಒಂದು ಫ್ಯಾನ್ ಹೊತ್ತು ಮೆಕ್ಯಾನಿಕ್ ಬಾಗಿಲಲ್ಲಿ ನಿಂತಿದ್ದ. ದನಿ ತಗ್ಗಿಸಿ ಕೇಳಿದ.

"ಗಾಳಿಯಣ್ಣ, ತಪ್ಪು ತಿಳೀಬೇಡ. ಕರೆಂಟಿಂದ ಬರೋ ಈ ಎರಡು ವೈರಲ್ಲಿ ಯಾವುದನ್ನ ಯಾವ ಕಡೆ ಕೊಡೋದು?"

ಗಾಳಿಯಣ್ಣ ಆ ವೈರುಗಳನ್ನು ಕೈಗೆ ತೆಗೆದುಕೊಂಡು ಒಮ್ಮೆ ಅದಲುಬದಲು ಮಾಡಿ ಹಿಡಿದ.

"ಹೇಗೆ ಕೊಟ್ರೂ ಆಗುತ್ತೆ ತಮ್ಮ" ಎಂದ.