ಸಕ್ಕರಿ, ಚಿಮಣಿ ಎಣ್ಣಿ ಮತ್ತು ನಮ್ಮ ಮರ್ಯಾದಿ

ಮನೆಯಲ್ಲಿ ಡಬ್ಬಿಗಳು ತುಂಬಿದ್ದಾಗ ಹೇಳಿಕೊಳ್ಳುವಂಥದ್ದೇನೂ ನಡೆಯುವುದಿಲ್ಲ. ತಳ ಕಂಡಾಗಲೇ ಒಂದಿಲ್ಲೊಂದು ಶುರುವಾಗುತ್ತದೆ. ಎಪ್ಪತ್ತರ ದಶಕದಲ್ಲಿ ಸಕ್ಕರೆ, ನಾವು ಚಿಮಣಿ ಎಣ್ಣೆ ಎನ್ನುವ ಸೀಮೆಎಣ್ಣೆ ರೇಷನ್ ಅಂಗಡಿಗೆ ಬಂದರೆ ಬಂದವು, ಇಲ್ಲವೆಂದರೆ ಇಲ್ಲ. ನಾನಾಗ ಪ್ರಾಥಮಿಕ ಶಾಲೆಯ ಮಾಸ್ತರ. ವರ್ಗಾವಣೆಯ ಮೇಲೆ ವರ್ಗಾವಣೆ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ, ಹೀಗೆ ನಾಲ್ಕು ತಾಲೂಕುಗಳ ಖಾಲಿ ಡಬ್ಬಿಗಳನ್ನು ಕಣ್ಣಾರೆ ಕಂಡವನು.

೧. ಪಾಳಿಯ ಕಲ್ಲು

ಇಂಡಿಯ ರೇಷನ್ ಅಂಗಡಿ ಹತ್ತಕ್ಕೆ ತೆರೆಯುತ್ತಿತ್ತು. ಜನ ಬೆಳಗಾಗುತ್ತಲೇ ಪಾಳಿ ಹಚ್ಚುತ್ತಿದ್ದರು. ಅಷ್ಟು ಹೊತ್ತು ಬಿಸಿಲಲ್ಲಿ ನಿಲ್ಲುವವರು ಯಾರು? ಒಬ್ಬೊಬ್ಬರೂ ತಮ್ಮ ಜಾಗದಲ್ಲಿ ಒಂದೊಂದು ಕಲ್ಲಿಟ್ಟು ಬೇವಿನಮರದ ಕೆಳಗೆ ಕೂತು ಎಲೆಅಡಿಕೆ ಹಾಕುತ್ತಿದ್ದರು. ಬಾಗಿಲು ತೆರೆದಾಗ ಜಗಳ. ಕಲ್ಲೆಲ್ಲ ಒಂದೇ ಥರ.

"ಇದು ನಂದು."

"ನಿಂದು ಹ್ಯಾಂಗ? ನಿನ್ನ ಹೆಸರು ಬರದೈತೇನು ಇದರ ಮ್ಯಾಲೆ?"

ಹೀಗೆ ಎರಡು ಸಲ ಪಾಳಿ ಕಳೆದುಕೊಂಡ ಅಗರಖೇಡದ ಹಿರಿಯನೊಬ್ಬ ಮೂರನೆಯ ಸಲ ಮನೆಯ ಬೀಸುವ ಕಲ್ಲಿನ ಮೇಲಿನ ಹೋಳನ್ನು ತಲೆಯ ಮೇಲೆ ಹೊತ್ತುಕೊಂಡೇ ಬಂದ. ಗೂಟದ ಸಮೇತ ಅದನ್ನು ಎಲ್ಲರಿಗಿಂತ ಮುಂದೆ ಇಟ್ಟು, "ಯಾರರೆ ಇದು ನಂದು ಅನ್ರಿ, ನೋಡೂಣು" ಎಂದ.

ಮೊದಲ ಸಕ್ಕರೆ ಅವನದೇ ಆಯಿತು. ಇಬ್ಬರು ಸೇರಿ ಕಲ್ಲನ್ನು ಅವನ ತಲೆಗೇರಿಸಿದೆವು. ಗತ್ತಿನಿಂದ ಬಸ್ ಸ್ಟ್ಯಾಂಡಿನ ಕಡೆ ನಡೆದ. ಅರ್ಧ ತಾಸಿನ ಮೇಲೆ ನೋಡಿದರೆ ಅದೇ ಕಲ್ಲು ಹೊತ್ತು, ಬೆವರಿಳಿಸುತ್ತ ವಾಪಸು ಬರುತ್ತಿದ್ದಾನೆ.

"ಯಾಕ ಕಾಕಾ, ಮತ್ತ ಬಂದ್ರಿ?" ಎಂದು ಕೇಳಿದೆ.

"ಸಕ್ರಿ ಗಂಟು ಇಲ್ಲೇ ಮರತೇನಿ."

"ಅದಕ್ಕ ಕಲ್ಲ್ಯಾಕ ಹೊತಗೊಂಡ ಬಂದ್ರಿ? ಅಲ್ಲೇ ಇಳಿಸಿ ಬರಬೇಕಿಲ್ಲೋ?"

"ಇಳಿಸೂದೇನು, ಯಾರರೆ ಇಳಿಸ್ತಾರ," ಎಂದ ಅವನು, "ಮತ್ತ ಹೊರಸವರು ಅಲ್ಲಿ ಯಾರದಾರ?"

೨. ಉಪ್ಪಿಗೆ ಬಂದ ಇರುವೆ

ಸಿಂದಗಿಯಲ್ಲಿದ್ದಾಗ ನನ್ನ ಹೆಂಡತಿ ನಾಗಪಂಚಮಿಯ ಉಂಡಿಗೆಂದು ಚಮಚ ಚಮಚ ಉಳಿಸಿ ಎರಡು ಕಿಲೋ ಸಕ್ಕರೆ ಕೂಡಿಸಿದ್ದಳು. ಯಾರ ಕಣ್ಣಿಗೂ ಬೀಳಬಾರದೆಂದು ಅದನ್ನು ಹಳೆಯ ಉಪ್ಪಿನ ಭರಣಿಗೆ ಸುರಿದು ಮೇಲಿನ ಹಲಗೆಯ ಮೇಲಿಟ್ಟಿದ್ದಳು. ನನಗೂ ಚಹಾ ಬೆಲ್ಲದ್ದೇ.

ಒಂದು ದಿನ ಪಕ್ಕದ ಮನೆಯಾಕೆ ಬಟ್ಟಲು ಹಿಡಿದು ಬಂದಳು. "ಅಕ್ಕಾರ, ಬೀಗರು ಬಂದು ಕುಂತಾರ. ಒಂದ್ ಬಟ್ಲ ಸಕ್ರಿ ಇದ್ರ ಕೊಡ್ರಿ."

"ಎಲ್ಲೀದವ್ವ ಸಕ್ರಿ? ನೋಡೇ ತಿಂಗಳಾತು," ಎಂದಳು ನನ್ನಾಕೆ.

ಪಕ್ಕದ ಮನೆಯಾಕೆಯ ಕಣ್ಣು ಗೋಡೆಯ ಮೇಲೆ ಹೋಯಿತು. ಹೊಸ್ತಿಲಿನಿಂದ ಹೊರಟ ಇರುವೆಯ ಸಾಲು ನೆಟ್ಟಗೆ ಭರಣಿಯ ಬಾಯಿಗೆ ಹತ್ತಿತ್ತು.

"ಮತ್ತ ಇವ್ಯಾಕ ಹೊಂಟಾವ್ರಿ?"

"ಅವು ಉಪ್ಪಿಗೆ ಬಂದಾವವ್ವ."

ನಾನು ಪಡಸಾಲೆಯಲ್ಲಿ ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದುಕೊಂಡೆ. ಪಕ್ಕದ ಮನೆಯಾಕೆ ನಗಲಿಲ್ಲ. ಬಟ್ಟಲನ್ನು ಮುಂದೆ ಚಾಚಿದಳು.

"ಹಂಗಾದ್ರ ಅದ ಉಪ್ಪ ಒಂದ್ ಬಟ್ಲ ಕೊಡ್ರಿ ಅಕ್ಕಾರ. ಚಾದಾಗ ಹಾಕಿ ನೋಡ್ತೇನಿ."

೩. ಬ್ರಾಂಡಿ ಮಾಸ್ತರ

ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿಗೆ ಬಂದ ಮೇಲೆ ಚಿಮಣಿ ಎಣ್ಣೆಯ ಬರ. ನಾಲ್ಕು ದಿನದಿಂದ ದೀಪವಿಲ್ಲದೆ, ಹೊತ್ತು ಮುಳುಗುವುದರೊಳಗೆ ಉಂಡು ಮುಗಿಸುತ್ತಿದ್ದೆವು. ಬಾಗೇವಾಡಿಯಲ್ಲಿದ್ದ ಗೆಳೆಯನೊಬ್ಬ ಹೇಗೋ ಎಣ್ಣೆ ದೊರಕಿಸಿದ. ನನ್ನ ಹತ್ತಿರ ಡಬ್ಬಿ ಇರಲಿಲ್ಲ. ಅವನು ಗುಜರಿಯಿಂದ ಎರಡು ಖಾಲಿ ಬ್ರಾಂಡಿ ಸೀಸೆ ತಂದು ತುಂಬಿ, ಬಿರಡೆ ಬಿಗಿದು ಕೊಟ್ಟ.

ಬಸ್ಸಿನಲ್ಲಿ ಡೀಸೆಲ್ ವಾಸನೆ ಮೊದಲೇ ಇತ್ತು, ನನ್ನ ಎಣ್ಣೆಯ ವಾಸನೆ ಅದರಲ್ಲಿ ಕರಗಿಹೋಯಿತು. ಆದರೆ ಸೀಸೆಗಳ ಕುತ್ತಿಗೆಗಳು ಚೀಲದಿಂದ ಹೊರಗೆ ಇಣುಕುತ್ತಿದ್ದವು. ಕಂಡಕ್ಟರ್ ಕೇಳಿದ, "ಏನ್ರಿ ಅವು? ಚಿಮಣಿ ಎಣ್ಣಿ ಇದ್ರ ಇಳೀರಿ. ಬಸ್ಸಿನ್ಯಾಗ ಒಯ್ಯಂಗಿಲ್ಲ."

ಸುತ್ತಲೂ ನಮ್ಮೂರ ಜನ, ನನ್ನ ವಿದ್ಯಾರ್ಥಿಗಳ ಅಪ್ಪಂದಿರು. ಒಂದು ಕಡೆ ಮರ್ಯಾದೆ, ಇನ್ನೊಂದು ಕಡೆ ಮನೆಯ ಕತ್ತಲೆ. ಮೆಲ್ಲಗೆ ಹೇಳಿದೆ, "ಬ್ರಾಂಡಿ ಐತ್ರಿ."

"ಬ್ರಾಂಡಿ ಆದ್ರ ಅಡ್ಡಿ ಇಲ್ಲ, ಕುಂದರ್ರಿ ಮಾಸ್ತರ್ರ," ಎಂದು ಅವನು ಇಡೀ ಬಸ್ಸಿಗೆ ಕೇಳುವಂತೆ ಹೇಳಿದ.

ಪಕ್ಕದಲ್ಲಿದ್ದ ಹಿರಿಯರು ಒಂದು ಗೇಣು ಆಚೆ ಸರಿದರು. ಹಿಂದಿದ್ದವನೊಬ್ಬ ಒಂದು ಗೇಣು ಈಚೆ ಸರಿದ. "ಒಂದ್ ಗುಟುಕು ಸಿಗತೈತೇನ್ರಿ?"

"ಇದು ಔಷಧಕ್ಕ ಒಯ್ಯಾಕತ್ತೇನಿ."

"ಎರಡು ಸೀಸೆ?"

"ರೋಗ ದೊಡ್ಡದೈತಿ."

ಮೂರು ದಿನದಲ್ಲಿ ಊರಿಗೆಲ್ಲ ನಾನು ಬ್ರಾಂಡಿ ಮಾಸ್ತರ ಆದೆ. ನಾಲ್ಕನೆಯ ದಿನ ಸಂಜೆ ಶಾಲೆಯ ಕಮಿಟಿಯ ಹಿರಿಯರೊಬ್ಬರು ಮನೆಗೆ ಬಂದು, ಒಳಗಿನಿಂದ ಬಾಗಿಲು ಹಾಕಿಕೊಂಡರು. ಅವರು ಕೇಳುವ ಮೊದಲೇ ನಾನು ಕೈಮುಗಿದೆ.

"ಆಣಿ ಮಾಡಿ ಹೇಳ್ತೇನ್ರಿ, ಅದು ಬ್ರಾಂಡಿ ಅಲ್ಲ. ಚಿಮಣಿ ಎಣ್ಣಿ."

"ಅದು ನನಗ ಗೊತ್ತೈತಿ. ನಿಮ್ಮ ಕಿಡಕ್ಯಾಗ ದೀಪ ನೋಡೇ ಬಂದೇನಿ," ಎಂದು ಅವರು ಅಂಗಿಯೊಳಗಿನಿಂದ ಒಂದು ಖಾಲಿ ಸೀಸೆ ತೆಗೆದರು. "ಇದರ ತುಂಬ ಕೊಡ್ರಿ. ಹೊರಗ ಬ್ರಾಂಡಿ ಅಂತನ ಹೇಳ್ತೇನಿ. ಎಣ್ಣಿ ಅಂದ್ರ ನನ್ನ ಮನಿ ಮುಂದೂ ಪಾಳಿ ಹಚ್ತಾರ."

೪. ಸುಳ್ಳು ಲಗ್ನ, ಖರೇ ಲಗ್ನ

ಮುದ್ದೇಬಿಹಾಳದಲ್ಲಿ ಲಗ್ನಪತ್ರಿಕೆ ತೋರಿಸಿದರೆ ಕಚೇರಿಯಿಂದ ಹೆಚ್ಚಿನ ಸಕ್ಕರೆ ಮಂಜೂರಾಗುತ್ತಿತ್ತು. ನಮ್ಮ ಶಾಲೆಯ ಹಿರಿಯ ಮಾಸ್ತರರಿಗೆ ಲಗ್ನಕ್ಕೆ ಬಂದ ಮಗಳಿದ್ದಳು, ವರ ಮಾತ್ರ ಸಿಕ್ಕಿರಲಿಲ್ಲ. "ಲಗ್ನ ಇವತ್ತಲ್ಲ ನಾಳಿ ಆಗೂದ ಐತಿ. ಸಕ್ರಿ ನಾಳಿ ಸಿಗತೈತಿ ಅಂತ ಏನ್ ಖಾತ್ರಿ?" ಎಂದು ಅವರು ಹತ್ತು ಪತ್ರಿಕೆ ಅಚ್ಚು ಹಾಕಿಸಿಯೇಬಿಟ್ಟರು. ವರನ ಜಾಗ ಖಾಲಿ ಬಿಡುವಂತಿಲ್ಲವಲ್ಲ, ನಮ್ಮಲ್ಲೇ ಇದ್ದ ಬ್ರಹ್ಮಚಾರಿ ಮಾಸ್ತರನ ಹೆಸರು ಹಾಕಿದರು. ಅವನಿಗೆ ತಿಳಿಸಲಿಲ್ಲ. ಸಕ್ಕರೆ ಬಂತು.

ಅಚ್ಚಿನ ಮನೆಯಲ್ಲಿ ನಿಡಗುಂದಿಯವನೊಬ್ಬನಿದ್ದ. ಆ ಬ್ರಹ್ಮಚಾರಿಯ ಊರೂ ನಿಡಗುಂದಿಯೇ. ಮುಂದಿನ ಭಾನುವಾರ ಅವನ ತಾಯಿ ಐದು ಜನರನ್ನು ಕಟ್ಟಿಕೊಂಡು, ಕಾಯಿ ಕುಪ್ಪಸ ಹಿಡಿದು ಹಿರಿಯ ಮಾಸ್ತರರ ಮನೆಗೆ ಬಂದಿಳಿದಳು.

"ನನ್ನ ಮಗನ ಲಗ್ನ ಐತಂತ. ಹಡದಾಕಿಗೆ ಒಂದ್ ಮಾತ ಹೇಳಬಾರದೇನ್ರಿ?"

ಮಾಸ್ತರರು ಇದ್ದದ್ದನ್ನು ಇದ್ದಂತೆ ಹೇಳಿದರು. ಆಕೆ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದಳು.

"ಹಂಗಾದ್ರ ಮನ್ಯಾಗ ಸಕ್ರಿ ಐತಿ?"

"ಐತ್ರಿ."

"ಚಾ ಮಾಡಸ್ರಿ. ಆಮ್ಯಾಲ ಮಾತಾಡೂಣು."

ಹುಡುಗಿಯೇ ಚಹಾ ತಂದಳು. ಬಂದವರು ಸಕ್ಕರೆಯ ಚಹಾ ಕುಡಿದು ಎಷ್ಟು ದಿನವಾಗಿತ್ತೋ, ಎರಡೆರಡು ಕಪ್ಪು ಕುಡಿದರು. ಹುಡುಗನನ್ನು ಕರೆಸಿದರು. ಅವನು ನೆಲ ನೋಡುತ್ತ, "ನಂದೇನೂ ಇಲ್ರಿ" ಎಂದ. ಹುಡುಗಿಯನ್ನು ಅವಳ ತಾಯಿ ಒಳಗೆ ಕರೆದು ಕೇಳಿದರೆ, "ಪತ್ರಿಕಿ ಹೆಂಗೂ ಅಚ್ಚಾಗ್ಯಾವಲ್ಲ ಬೇ ಯವ್ವ" ಎಂದಳಂತೆ. ಲಗ್ನ ನಿಕ್ಕಿಯಾಯಿತು.

ಮಾತುಕತೆಗೆಂದು ಬೀಗರು ಬಂದು ಹೋಗಿ, ಬಂದು ಹೋಗಿ, ಲಗ್ನದ ಹೊತ್ತಿಗೆ ಇದ್ದ ಸಕ್ಕರೆಯೆಲ್ಲ ಚಹಾದಲ್ಲೇ ಕರಗಿತು. ಮಾಸ್ತರರು ಹೊಸ ತಾರೀಖಿನ ಪತ್ರಿಕೆ ಹಿಡಿದು ಮತ್ತೆ ಕಚೇರಿಗೆ ಹೋದರು. ಧೈರ್ಯಕ್ಕೆ ನನ್ನನ್ನೂ ಕರೆದೊಯ್ದರು. ಗುಮಾಸ್ತ ಫೈಲಿನಿಂದ ಹಳೆಯ ಪತ್ರಿಕೆ ಹೊರಗೆಳೆದು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡ.

"ಅದ ಹುಡುಗಿ, ಅದ ಹುಡುಗ. ಈ ಲಗ್ನ ಆಗಿ ಎರಡು ತಿಂಗಳಾತಲ್ರಿ?"

"ಇಲ್ರಿ, ಅದು ಸುಳ್ಳು ಲಗ್ನ. ಇದು ಖರೇದು," ಎಂದರು ಮಾಸ್ತರರು.

ಗುಮಾಸ್ತ ಚಷ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಮಾಸ್ತರ್ರ, ಸುಳ್ಳು ಲಗ್ನಕ್ಕ ಖರೇ ಸಕ್ರಿ ಕೊಟ್ಟೇವಿ. ಈಗ ಖರೇ ಲಗ್ನಕ್ಕ ಸುಳ್ಳು ಸಕ್ರಿ ಕೊಡ್ತೇವಿ, ಚೀಲ ತಂದೀರೇನು?"