ಅತ್ತೆಯ ಪಿ.ಪಿ. ನಂಬರು

ನನ್ನ ಸೋದರತ್ತೆಗೆ ಮೊಬೈಲು ಕೊಡಿಸಿದ ಪುಣ್ಯಾತ್ಮ ಯಾರೇ ಇರಲಿ, ಅವನು ಒಮ್ಮೆ ಅವಳ ಜೊತೆ ಸಾಗರದಿಂದ ಹೊಸನಗರದವರೆಗೆ ಬಸ್ಸಿನಲ್ಲಿ ಬರಬೇಕು. ಕೊಡಿಸಿದವನು ನಾನೇ. ಬಂದದ್ದೂ ಆಗಿದೆ. ಇನ್ನು ಈ ಜನ್ಮದಲ್ಲಿ ನನಗೆ ಯಾವ ಆಸೆಯೂ ಉಳಿದಿಲ್ಲ.

ಹೊಸನಗರದ ಹತ್ತಿರ ಅವಳ ಕೇರಿಗೆಲ್ಲ ಹಿಂದೆ ಇದ್ದದ್ದು ಅವಳ ಮನೆಯ ಫೋನೊಂದೇ. ಹನ್ನೊಂದು ಮನೆಗಳ ಮದುವೆ ಕಾಗದದಲ್ಲೂ ‘ಪಿ.ಪಿ.’ ಎಂದು ಹಾಕಿ ಅವಳದೇ ನಂಬರು. ಎಂದರೆ, ಇಲ್ಲಿಗೆ ಮಾಡಿ, ಕರೆದು ಕೊಡುತ್ತಾರೆ. ಅತ್ತೆ “ಇಡ್ಬೇಡಿ, ಕರೀತೀನಿ” ಎಂದು ರಿಸೀವರನ್ನು ಮಡಿಸಿದ ಟವೆಲಿನ ಮೇಲೆ ಮಲಗಿಸಿ ಗದ್ದೆಯಂಚಿನಲ್ಲಿ ಓಡುತ್ತಿದ್ದಳು. ಈಗ ಆ ಮನೆಗಳಲ್ಲಿ ಆಳಿಗೊಂದು ಮೊಬೈಲು. ಕೆಲಸ ಹೋದ ಸುದ್ದಿಯನ್ನು ಅತ್ತೆಗೆ ಮಾತ್ರ ಯಾರೂ ತಿಳಿಸಿರಲಿಲ್ಲ.

ಅಷ್ಟರಲ್ಲಿ ಫೋನ್ ಕಂಪನಿಗೆ ಜ್ಞಾನೋದಯವಾಯಿತು. ಹಳೆಯ ತಂತಿ ಕಿತ್ತು ಫೈಬರ್ ಎಳೆಯುತ್ತಾರಂತೆ. ಮನೆ ಫೋನು, ಇಂಟರ್ನೆಟ್, ಟಿವಿ, ಮೊಬೈಲು ಎಲ್ಲ ಒಂದೇ ಪ್ಲಾನಂತೆ. ಮನೆಗೆ ಬಂದ ಕರೆ ಜೇಬಿನಲ್ಲೂ ಬಡಿದುಕೊಳ್ಳುತ್ತದಂತೆ! ಸೇರದವರ ನಂಬರು ರದ್ದು. ಈ ಕೊನೆಯ ಮಾತು ಕಿವಿಗೆ ಬಿದ್ದದ್ದೇ ತಡ, ಅತ್ತೆ ಮೊದಲ ಬಸ್ಸಿಗೆ ತೀರ್ಥಹಳ್ಳಿಗೆ ಬಂದು ನಾನು ಪಾಠ ಮಾಡುವ ಶಾಲೆಯ ಬಾಗಿಲಲ್ಲಿ ನಿಂತಳು.

“ನಂಬರು ಹೋಗ್ಬಾರ್ದು ಮಾರಾಯ. ಬೇರೆ ಎಂಥ ಹೋದ್ರೂ ಹೋಗ್ಲಿ. ಒಬ್ರಿಗೆ ಬೇರೆ ನಂಬರು ಗೊತ್ತಿಲ್ಲ.”

ಯಾರಿಗೆ ಎಂದರೆ ಬಾಯಿ ಬಿಡಲಿಲ್ಲ. ಸಾಗರದ ಕಚೇರಿಗೆ ಮೂರು ಸಲ ಅಲೆದೆವು. ಅರ್ಜಿ ತುಂಬುತ್ತಿದ್ದ ಹುಡುಗಿ ಕೇಳಿದಳು:

“ಇಂಟರ್ನೆಟ್ ಯಾರು ನೋಡ್ತಾರಜ್ಜಿ?”

“ಯಾರೂ ಇಲ್ಲ.”

“ಟಿವಿ ಚಾನೆಲ್ಲು?”

“ಟಿವಿ ಕೆಟ್ಟಿದೆ.”

“ಮತ್ತೆ ಈ ಪ್ಲಾನು ಯಾಕೆ?”

“ಒಟ್ಟಿಗೆ ಗಂಟು ಕಟ್ಟಿದ್ದು ನೀವಲ್ವ? ನಾ ಕೇಳಿದ್ದು ನಂಬರು ಮಾತ್ರ.”

ಹೊಸ ವ್ಯವಸ್ಥೆ ಶುರುವಾದ ದಿನವೇ, ಬಸ್ಸು ಸಾಗರ ಬಿಡುವ ಮೊದಲೇ ಅವಳ ಮೊಬೈಲು ಹೊಡೆದುಕೊಂಡಿತು. ಯಾವುದೋ ಹಳೆಯ ಅರ್ಜಿಯಲ್ಲಿ ಪಿ.ಪಿ. ನಂಬರು ಹುಡುಕಿಕೊಂಡ ವಿಮೆಯವನು. ಪಕ್ಕದ ಮನೆಯ ಸರೋಜಕ್ಕ ಬೇಕಿತ್ತಂತೆ. ಅತ್ತೆ “ಇಡ್ಬೇಡಿ, ಕರೀತೀನಿ” ಎಂದು ಮೊಬೈಲನ್ನು ಮಡಿಲಲ್ಲಿ ಟವೆಲಿನ ಮೇಲೆ ಮಲಗಿಸಿ ಕೂತೇಬಿಟ್ಟಳು. ಸರೋಜಕ್ಕನ ಮನೆ ಅಲ್ಲಿಂದ ಒಂದೂವರೆ ಗಂಟೆಯ ದಾರಿ! ಟಿಕೆಟ್ ಎಂದ ಕಂಡಕ್ಟರನಿಗೆ “ಮೆಲ್ಲಗೆ, ಫೋನಲ್ಲಿ ಜನ ಇದಾರೆ” ಎಂದಳು. ಸರೋಜಕ್ಕನ ಮೊಬೈಲ್ ನಂಬರು ಕೊಡಬಹುದಿತ್ತಲ್ಲ ಎಂದೆ. “ಕರೀತೀನಿ ಅಂದ್ಮೇಲೆ ಕರೀಬೇಕು” ಎಂದಳು. ಅವನು ಯಾವಾಗಲೋ ಫೋನಿಟ್ಟಿದ್ದ. ಆದರೂ ಬಸ್ಸಿಳಿದವಳು ಸೀದಾ ಸರೋಜಕ್ಕನ ಅಂಗಳಕ್ಕೇ ಹೋದಳು.

ಸಾಲದ್ದಕ್ಕೆ, ಕರೆ ತಪ್ಪಬಾರದೆಂದು ನನ್ನ ಮೊಬೈಲನ್ನೂ ಆ ಪ್ಲಾನಿಗೆ ಸೇರಿಸಿದಳು. ಏಳನೇ ತರಗತಿಗೆ ಭಿನ್ನರಾಶಿ ಹೇಳುವಾಗ ಯಾರೋ ಗೊಬ್ಬರದವರು, ಸತ್ತು ಎಷ್ಟೋ ಕಾಲವಾದ ಮನುಷ್ಯನನ್ನು ಕೇಳುತ್ತಾರೆ. ಏನೆಂದು ಹೇಳಲಿ? ಒಂದು ಭಾನುವಾರ ರೋಸಿಹೋಗಿ ಅತ್ತೆಯ ಮನೆಗೇ ಹೋದೆ. “ಈ ನಂಬರು ಬಿಟ್ಬಿಡಾಣ. ಇನ್ಯಾರು ಮಾಡ್ತಾರೆ ಇದಕ್ಕೆ?”

ಅತ್ತೆ ಫೋನಿನ ಕೆಳಗಿನ ಟವೆಲನ್ನು ಬಿಡಿಸಿ ಮತ್ತೆ ಮಡಿಸಿದಳು.

“ಸರೋಜನ ತಮ್ಮ ಜಗಳ ಆಡಿ ಮನೆ ಬಿಟ್ಟಿದ್ನಲ್ಲ. ಒಂದು ಸಲ ಮಾಡಿದ್ದ. ಅಕ್ಕನ್ನ ಕರೀರಿ ಅಂದ. ಅವಳ ದನ ನಮ್ಮ ಸಸಿ ತಿಂದಿತ್ತು, ಮಾತು ಬಿಟ್ಟಿದ್ವಿ. ಮನೇಲಿಲ್ಲ ಅಂದ್ಬಿಟ್ಟೆ. ಗದ್ದೆ ಆಚೆ ಬಟ್ಟೆ ಒಣಗಿಸ್ತಿದ್ಲು, ಇಲ್ಲಿಂದ ಕಾಣ್ತಿತ್ತು. ಮತ್ತೆ ಮಾಡ್ತೀನಿ ಅಂದ.”

“ಮಾಡಿದ್ನ?”

“ಇಲ್ಲ.”

“ಸರೋಜಕ್ಕನಿಗೆ ಗೊತ್ತಾ?”

“ಹೇಳಕ್ಕೆ ಬಾಯಿ ಬರ್ಲಿಲ್ಲ. ಅವಳು ಕಾಯದು ಬಿಟ್ಲು ಮಾರಾಯ. ನಾ ಹೆಂಗೆ ಬಿಡ್ಲಿ? ಫೋನೆತ್ತಿದ್ದು ನಾನಲ್ವ?”

ನಾನು ನಂಬರಿನ ಮಾತನ್ನು ಮತ್ತೆ ಎತ್ತಲಿಲ್ಲ.

ಮೊನ್ನೆ ಪಾಠದ ನಡುವೆ ಫೋನು ಹೊಡೆದುಕೊಂಡಿತು. ಗಂಡಸಿನ ದನಿ, ಸರೋಜಾ ಇದ್ದಾರಾ ಎಂದಿತು. ತಮ್ಮನೇ ಎಂದುಕೊಂಡೆ. ಮರುಮಾತಿನಲ್ಲೇ ಅದೇ ವಿಮೆಯವನೆಂದು ಗೊತ್ತಾಯಿತು. ಆದರೂ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಚಾಕ್‌ಪೀಸು ಕೆಳಗಿಟ್ಟು, “ಇಡ್ಬೇಡಿ, ಕರೀತೀನಿ” ಎಂದೆ.